ತಂತಿಗೆ ಕಟ್ಟಿದ ಮುಡಿಪು

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಉಡಿಗಾಲದಲ್ಲಿ ಎಲ್ಲರಿಗೂ ಗೊತ್ತು. ಮದುವೆಯಾಗಿ ಬಂದ ಹೊಸದರಲ್ಲೇ ನಮ್ಮತ್ತೆ ಕರಿಬಸಮ್ಮನವರು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಸಾರಿಕೊಂಡು ಬಂದಿದ್ದಾರೆ. ಅದಕ್ಕೇನೂ ನನಗೆ ಬೇಜಾರಿಲ್ಲ. ಆದರೆ ನನ್ನ ನಾದಿನಿ ರೂಪಶ್ರೀಯ ಹಾಯಿದೋಣಿಯ ಕಂಬ ಉರುಳಿಬಿದ್ದ ಮೇಲೆ ಜನ ಆಡಿದ ಮಾತುಗಳನ್ನು ಕೇಳಿದ್ದರೆ ದೇವರಂಥವರಿಗೂ ಪಿತ್ತ ನೆತ್ತಿಗೇರುತ್ತಿತ್ತು.

ಮಾರನೆಯ ಬೆಳಿಗ್ಗೆ ಬದನಗುಪ್ಪೆಯ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಲು ಬಸ್ಸಿಗೆ ಕಾಯುತ್ತಿದ್ದೆ. ಟೀ ಅಂಗಡಿಯ ಮಲ್ಲೇಶ ಲೋಟ ತೊಳೆಯುತ್ತ, ನನಗೆ ಕೇಳಲೆಂದೇ ಪಕ್ಕದವನಿಗೆ ಹೇಳಿದ: "ಎಂಗಸ್ರು ದೋಣಿ ಓಡ್ಸಿದ್ರೆ ಇನ್ನೇನಾದದು ಬುಡ್ಲಾ."

"ಗಾಳಿ ಜೋರಾಗಿತ್ತಂತೆ ಕಣ್ಲಾ," ಎಂದ ಆ ಪಕ್ಕದವನು. "ಇಲ್ದಿದ್ರೆ ಯಾರ್ದಾರ ಕಣ್ಣು ಬಿದ್ದಿರ್ಬೇಕು."

ಗಾಳಿಯಂತೆ, ಕಣ್ಣಂತೆ. ಗಾಳಿ ಹಿಡಿಯಲಿಕ್ಕೆಂದೇ ಕಟ್ಟಿದ ದೋಣಿ ಗಾಳಿ ಬಂತೆಂದು ಮುರಿದುಬೀಳುತ್ತದೆಯೇ? ಮಳೆ ಬಂತೆಂದು ಕೊಡೆ ಕರಗುತ್ತದೆಯೇ? "ಮಲ್ಲೇಶಣ್ಣ, ನಿನ್ ಬೈಕು ಮೊನ್ನೆ ಚರಂಡಿಗೆ ಬಿತ್ತಲ್ಲ, ಅದ್ನ ಯಾವ ಎಂಗಸು ಓಡ್ಸ್ತಿದ್ಲು?" ಎಂದು ಕೇಳಿ ಬಸ್ಸು ಹತ್ತಿದೆ. ಬದನಗುಪ್ಪೆ ಬರುವವರೆಗೂ ಮೈ ಉರಿಯುತ್ತಲೇ ಇತ್ತು.

ಕಂಬ ಏಕೆ ಬಿತ್ತೆಂದು ಆ ಹೊತ್ತಿಗೆ ಗೊತ್ತಿದ್ದದ್ದು ರೂಪಿಗೆ ಮತ್ತು ನನಗೆ ಮಾತ್ರ. ಬಾಯಿ ಬಿಟ್ಟರೆ ನಮ್ಮತ್ತೆಯ ಎದೆ ಒಡೆಯುತ್ತಿತ್ತು. ಬಿಡದಿದ್ದರೆ ರೂಪಿ ಇನ್ನು ದೋಣಿ ಹತ್ತುವ ಹಾಗಿರಲಿಲ್ಲ. ದೋಣಿ ಹತ್ತದ ರೂಪಿ ಎಂದರೆ ಏನೆಂದು ತಿಳಿಯಬೇಕಾದರೆ ಅವಳ ಕಥೆಯನ್ನು ಮೊದಲಿನಿಂದ ಹೇಳಬೇಕು.

ಉಡಿಗಾಲದ ಆಚೆ ನಮ್ಮದೊಂದು ಅರಿಶಿನದ ಹೊಲವಿದೆ, ಹೊಲದಲ್ಲೊಂದು ದೊಡ್ಡ ಬಾವಿ. ನಮ್ಮ ಮಾವ ಮರಿಮಲ್ಲಪ್ಪನವರು ಮಗಳ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಆ ಬಾವಿಗೆ ಇಳಿಸಿ ಈಜು ಕಲಿಸಿದರಂತೆ. ಮಗ ಸೋಮಶೇಖರ್, ಅಂದರೆ ನನ್ನ ಗಂಡ, ಮೆಟ್ಟಿಲ ಮೇಲೆ ಕುಳಿತು ಕಾಲು ಮಾತ್ರ ನೆನೆಸುತ್ತಿದ್ದನಂತೆ. ಇವಳು ಬುರುಡೆ ಬಿಚ್ಚಿಸಿಕೊಂಡ ದಿನದಿಂದ ಬಾವಿಯ ಕಟ್ಟೆಯ ಮೇಲಿಂದಲೇ ಧುಮುಕುತ್ತಿದ್ದಳು. ಅತ್ತೆ ದಡದಲ್ಲಿ ನಿಂತು ಎದೆ ಬಡಿದುಕೊಂಡು ಗಂಡನಿಗೂ ಮಗಳಿಗೂ ಬಾಯಿಗೆ ಬಂದಂತೆ ಬಯ್ಯುತ್ತಿದ್ದರು. ಬಯ್ಯಲು ಕಾರಣವಿತ್ತು. ಅವರ ಬೆನ್ನಿಗೆ ಹುಟ್ಟಿದ ತಂಗಿ ಕೆರೆಗೆ ಬಟ್ಟೆ ಒಗೆಯಲು ಹೋದವಳು ತಿರುಗಿ ಬರಲಿಲ್ಲ. ಅಂದಿನಿಂದ ನಮ್ಮತ್ತೆಗೆ ನೀರೆಂದರೆ ಕೊಡದಲ್ಲಿರಬೇಕು, ಪಾತ್ರೆಯಲ್ಲಿರಬೇಕು, ಅಷ್ಟೇ.

ರೂಪಿ ಮೈಸೂರಿಗೆ ಕಾಲೇಜು ಓದಲು ಹೋದಾಗ ಎನ್‌ಸಿಸಿಯ ನೌಕಾ ವಿಭಾಗಕ್ಕೆ ಸೇರಿದಳು. ಅಲ್ಲಿಯೇ ಮೊದಲ ಸಲ ಹಾಯಿದೋಣಿ ಹತ್ತಿದ್ದು. ರಜಕ್ಕೆ ಬಂದವಳು ಊಟಕ್ಕೆ ಕೂತರೆ ತಟ್ಟೆಯಲ್ಲಿ ಹಪ್ಪಳ ನಿಲ್ಲಿಸಿ, ಗಾಳಿ ಈ ಕಡೆಯಿಂದ ಬಂದರೆ ಹಾಯಿ ಹೇಗೆ ತಿರುಗಿಸಬೇಕು ಎಂದು ತೋರಿಸುತ್ತಿದ್ದಳು. ಅತ್ತೆ ಆ ಹಪ್ಪಳವನ್ನು ಎತ್ತಿಕೊಂಡು ತಿಂದುಬಿಡುತ್ತಿದ್ದರು. ಮಾವ ತೀರಿಕೊಂಡ ಮೇಲೆ ಅವಳು ಊರಿಗೆ ಮರಳಿದಳು. ಅದೇ ಕಾಲಕ್ಕೆ ಗುಂಡ್ಲುಪೇಟೆಯ ಮಲ್ಲಿಕಾರ್ಜುನಸ್ವಾಮಿ ಎನ್ನುವವರು ಗುಂಡ್ಲುಪೇಟೆ ರಸ್ತೆಯ ಒಂದು ದೊಡ್ಡ ಕೆರೆಯಲ್ಲಿ ಹಾಯಿದೋಣಿ ಕಲಿಸುವ ಕೇಂದ್ರ ತೆರೆದರು. ಊಟಿಗೆ ಹೋಗುವವರು ಅಲ್ಲಿ ನಿಲ್ಲಿಸುತ್ತಿದ್ದರು, ಕಾಲೇಜು ಹುಡುಗ ಹುಡುಗಿಯರು ಕಲಿಯಲು ಬರುತ್ತಿದ್ದರು. ಕಲಿಸುವವಳು ನಮ್ಮ ರೂಪಿ. ಬೆಳಿಗ್ಗೆ ಎದ್ದು ರೊಟ್ಟಿ ಕಟ್ಟಿಕೊಂಡು ಹೋದರೆ ಸಂಜೆ ಬಿಸಿಲಿಗೆ ಮುಖ ಕಪ್ಪಾಗಿಸಿಕೊಂಡು, ಒಣಗಿದ ತುಟಿಯಲ್ಲಿ ನಗುತ್ತ ಬರುತ್ತಿದ್ದಳು. ನಮ್ಮ ಮನೆಯಲ್ಲಿ ಕೆಲಸದಿಂದ ನಗುತ್ತ ಬರುವವಳು ಅವಳೊಬ್ಬಳೇ.

ಒಂದು ಭಾನುವಾರ ನಾನೂ ಹೋಗಿ ನೋಡಿದೆ. ಕರೆಂಟ್ ಕಂಬಕ್ಕೆ ಸ್ಟೇ ವೈರು ಎಳೆದು ಕಟ್ಟುತ್ತಾರಲ್ಲ, ಹಾಗೆಯೇ ದೋಣಿಯ ನಡುಗಂಬಕ್ಕೂ ಸ್ಟೀಲಿನ ತಂತಿಗಳು. ಮುಂದಕ್ಕೊಂದು, ಎಡಕ್ಕೊಂದು, ಬಲಕ್ಕೊಂದು. ಆ ತಂತಿಗಳೇ ಕಂಬವನ್ನು ನಿಲ್ಲಿಸಿರುವುದು. ನೀರಿಗಿಳಿಯುವ ಮೊದಲು ರೂಪಿ ಅತ್ತೆಯ ಹಳೆಯ ನೂಲಿನ ಸೀರೆಯ ಚೂರನ್ನು ತಂತಿಗೆ ಸುತ್ತಿ ಮೇಲಿನಿಂದ ಕೆಳಗೆ ಎಳೆಯುತ್ತಿದ್ದಳು. ಒಂದು ಎಳೆ ಹರಿದಿದ್ದರೂ ಬಟ್ಟೆ ಸಿಕ್ಕಿಕೊಳ್ಳುತ್ತದೆ, ಸಿಕ್ಕಿಕೊಂಡರೆ ಆ ತಂತಿಯನ್ನು ಎಸೆಯಬೇಕು. ಆಮೇಲೆ ತಂತಿಯ ಪಿನ್ನುಗಳನ್ನು, ಪಿನ್ನು ಕಳಚದಂತೆ ಹಾಕಿದ ಸಣ್ಣ ಬಳೆಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದಳು.

"ತಂತಿ ನಡುವೆ ಅರಿಯದು ಕಮ್ಮಿ ಅತ್ಗೆ," ಎಂದಳು. "ತುದಿನ ಈ ಕೊಳವೆ ಒಳಕ್ಕೆ ಒತ್ತಿ ಬಿಗ್ದವ್ರಲ್ಲ, ನೀರು ಇಲ್ಲೇ ನಿಂತ್ಕೊಳದು. ತಂತಿ ಸಡಿಲ ಇದ್ರೆ ಜಗ್ಗಿ ಜಗ್ಗಿ ಮುರಿಯದೂ ಇಲ್ಲೇ."

"ಸ್ಟೀಲು ಅಲ್ವಾ? ಅದುಕ್ಕೆಂಗೆ ತುಕ್ಕು ಇಡಿತದೆ?" ಎಂದು ಕೇಳಿದೆ.

"ಗಾಳಿ ಆಡ್ತಿದ್ರೆ ಇಡಿಯಕ್ಕಿಲ್ಲ. ಒದ್ದೆಲಿ ಸುತ್ತಿ ಉಸ್ರು ಕಟ್ಸುದ್ರೆ ಸ್ಟೀಲೂ ಕೊಳಿತದೆ ಅತ್ಗೆ."

ಅವತ್ತು ಒಬ್ಬ ಹುಡುಗ ಕೈಗೆ ತರಚುತ್ತದೆಂದು ತಂತಿಯ ಬುಡಕ್ಕೆ ಪ್ಲಾಸ್ಟಿಕ್ ಟೇಪು ಸುತ್ತಿದ್ದ. ರೂಪಿ ಅದನ್ನು ಹಲ್ಲಿನಿಂದ ಕಚ್ಚಿ ಕಿತ್ತು, ಅವನ ಕೈಯಲ್ಲೇ ಇಟ್ಟು, ಎಲ್ಲರೆದುರು ಅವನಿಗೆ ಸರಿಯಾಗಿ ಮಂಗಳಾರತಿ ಎತ್ತಿದಳು. ನನಗೆ ಖುಷಿಯಾಯಿತು. ನಮ್ಮ ಗಾರ್ಮೆಂಟ್ಸಿನಲ್ಲಿ ಸೂಜಿ ಮುರಿದರೆ ಚೂರುಗಳೆಲ್ಲ ಸಿಗುವವರೆಗೆ ಬೇರೆ ಸೂಜಿ ಕೊಡುವುದಿಲ್ಲ. ತುದಿ ಯಾವ ಮಗುವಿನ ಅಂಗಿಯಲ್ಲಿ ಉಳಿದಿದೆಯೋ ಯಾರಿಗೆ ಗೊತ್ತು. ಈ ಹುಡುಗಿಯೂ ನಮ್ಮಂಥವಳೇ, ಕೆಲಸದಲ್ಲಿ ದಾಕ್ಷಿಣ್ಯ ಇಲ್ಲದವಳು ಎಂದುಕೊಂಡೆ.

ದಾಕ್ಷಿಣ್ಯ ಇಲ್ಲವಂತೆ. ಇತ್ತು, ಇರಬಾರದ ಒಂದೇ ಒಂದು ಕಡೆ ಇತ್ತು.

ಅದು ಆಯುಧಪೂಜೆಯ ದಿನ. ಕೇಂದ್ರದಲ್ಲಿ ದೋಣಿಗಳಿಗೆಲ್ಲ ಪೂಜೆ. ಮಲ್ಲಿಕಾರ್ಜುನಸ್ವಾಮಿಯವರು ಪ್ರತಿ ದೋಣಿಯ ತಂತಿಗೂ ಅರಿಶಿನದ ದಾರ ಕಟ್ಟಿಸಿ, ನಿಂಬೆಹಣ್ಣು ಹಿಂಡಿಸಿ, ಚೆಂಡುಹೂವು ಹಾಕಿಸಿದ್ದರು. ಅತ್ತೆ ಅಲ್ಲಿಗೆ ಹೋದದ್ದು ಅದೇ ಮೊದಲು. ರೂಪಿ ಯಾವಾಗಲೂ ಹತ್ತುವ ದೋಣಿಯನ್ನು ಒಂದು ಸುತ್ತು ಬಂದು, ಆಡು ಕೊಳ್ಳುವವರ ಹಾಗೆ ಎಲ್ಲ ಕಡೆ ಒತ್ತಿ ನೋಡಿ ಕೇಳಿದರು: "ಇದ್ರ ಜೀವ ಎಲ್ಲದೆ ಕಣಮ್ಮಿ?"

ರೂಪಿ ನಗುತ್ತ ಬಲಗಡೆಯ ತಂತಿಯ ಬುಡ ಮುಟ್ಟಿ ತೋರಿಸಿದಳು. "ಇಲ್ಲದೆ ಕಣವ್ವ. ಇದು ಓದ್ರೆ ಎಲ್ಲಾ ಓಯ್ತು."

ಅತ್ತೆ ಸೊಂಟದಿಂದ ಒಂದು ಗಂಟು ತೆಗೆದರು. ನಮ್ಮ ಹೊಲದ ಅರಿಶಿನದಲ್ಲೇ ಅದ್ದಿದ ಬಟ್ಟೆ, ಒಳಗೆ ವಿಭೂತಿ, ಕಾಸು, ಅರಿಶಿನದ ಕೊಂಬು. ಬೆಟ್ಟದ ಮಾದಪ್ಪನಿಗೆ ಹೊತ್ತ ಹರಕೆಯ ಮುಡಿಪು. ಹರಕೆ ತೀರಿದ ದಿನ ಬೆಟ್ಟಕ್ಕೆ ಒಯ್ದು ದೇವರ ಮುಂದೆಯೇ ಬಿಚ್ಚಬೇಕು, ಅಲ್ಲಿಯವರೆಗೆ ಯಾರೂ ಬಿಚ್ಚುವಂತಿಲ್ಲ, ಒಗೆಯುವಂತಿಲ್ಲ. ಮುಡಿಪನ್ನು ಮನೆಯ ದೇವರ ಗೂಡಿನಲ್ಲಿ ಇಡುವುದು ಲೋಕರೂಢಿ. ನಮ್ಮತ್ತೆ ಲೋಕದ ಮಾತು ಯಾವಾಗ ಕೇಳಿದ್ದಾರೆ? ಮಗಳು ತೋರಿಸಿದ ಜಾಗಕ್ಕೇ ಅದನ್ನು ಒತ್ತಿ, ತಂತಿಗೆ ಸುತ್ತಿ, ಗಂಟಿನ ಮೇಲೆ ಗಂಟು ಹಾಕಿದರು.

"ಅಪ್ಪಾ ಮಾದಪ್ಪ, ನನ್ ಕೂಸ ನೀರು ಮುಟ್ದೇ ಇರ್ಲಿ. ಇವ್ಳು ಒಂದ್ ಮದ್ವೆ ಅಂತ ಮಾಡ್ಕೊಂಡ್ ದಡ ಸೇರಿದ್ ದಿನ ಇದ್ನ ನಿನ್ ಮುಂದೆ ಬಿಚ್ತೀನಿ," ಎಂದು ಕಣ್ಣು ಮುಚ್ಚಿದರು.

"ಅತ್ತೆ, ಅದ್ನ ಮನೆಲಿ ಇಡಿ," ಎಂದೆ.

"ಆಪತ್ತು ಇಲ್ಲದೆ, ಮುಡಿಪು ಮನೆಲಿರ್ಬೇಕಾ? ನಿನ್ ಬುದ್ಧಿ ನಿನ್ ಮಿಷನ್ನಿಗೆ ಏಳು," ಎಂದರು. ರೂಪಿ ತಡೆಯಲಿಲ್ಲ. ಟೇಪು ಸುತ್ತಿದ ಹುಡುಗನ ಮಾನ ಹರಾಜು ಹಾಕಿದವಳು ಅವ್ವನ ಮುಂದೆ ನಗುತ್ತ ನಿಂತಿದ್ದಳು. ಅಪ್ಪನಿಲ್ಲದ ಮೇಲೆ ಅವ್ವನಿಗೆ ಎದುರಾಡಬಾರದು ಎಂದು ಅವಳಿಗೆ ಅವಳೇ ಹಾಕಿಕೊಂಡ ಕಟ್ಟಳೆ ಅದು.

ಹೆಣ್ಣು ನೋಡಲು ಗಂಡಿನ ಕಡೆಯವರು ಬಂದರು. ಕಾಫಿ ಕುಡಿದು, ಹುಡುಗಿ ನೀರಿನ ಕೆಲಸ ಬಿಡುತ್ತಾಳಾ ಎಂದು ಕೇಳಿದರು. ಇಲ್ಲ ಎಂದು ರೂಪಿ ಅವರನ್ನು ಕಳಿಸಿದಳು. ಹರಕೆ ತೀರಲಿಲ್ಲ, ಮುಡಿಪು ಬಿಚ್ಚಲಿಲ್ಲ. ಮಳೆಗಾಲಗಳು ಕಳೆದವು. ಬಟ್ಟೆ ನೆನೆದು, ಅರೆಬರೆ ಒಣಗಿ, ಮತ್ತೆ ನೆನೆದು ಮರದ ಗಂಟಿನ ಹಾಗೆ ಗಟ್ಟಿಯಾಯಿತು. ಅದರ ಅಡಿ ನೋಡಿದೆಯಾ ಎಂದು ನಾನು ಒಮ್ಮೆ ಕೇಳಿದ್ದೆ. "ಅವ್ವ ಕಟ್ಟಿರದ್ನ ಎಂಗ್ ಬಿಚ್ಲಿ ಅತ್ಗೆ? ಮೇಲೂ ನೋಡಿವ್ನಿ, ಕೆಳಗೂ ನೋಡಿವ್ನಿ, ಚೆನ್ನಾಗದೆ," ಎಂದಿದ್ದಳು. ಮೇಲೆ, ಕೆಳಗೆ. ನೋಡಬೇಕಾದದ್ದು ನಡುವೆ ಇತ್ತು.

ಆಷಾಢದಲ್ಲಿ ಗುಂಡ್ಲುಪೇಟೆಯ ಕಡೆ ಬೀಸುವ ಗಾಳಿ ಬೇರೆಯೇ. ಕೇರಳದ ಘಟ್ಟ ಹತ್ತಿ ಬರುವ ಆ ಗಾಳಿಗೆ ಹಂಚು ಹಾರುತ್ತವೆ. ಹಾಯಿದೋಣಿಯವರಿಗೆ ಅದು ಸುಗ್ಗಿ. ಗುಂಡ್ಲುಪೇಟೆಯ ಮಧುಶ್ರೀ ಎಂಬ ಡಿಗ್ರಿ ಓದುವ ಹುಡುಗಿ ಪಂದ್ಯಕ್ಕೆ ತಯಾರಾಗುತ್ತಿದ್ದಳು. ಆ ದಿನ ಮಧ್ಯಾಹ್ನ ರೂಪಿ ಅವಳನ್ನು ಕೂರಿಸಿಕೊಂಡು ಹೊರಟಳು. ಎಂದಿನಂತೆ ತಂತಿಗೆಲ್ಲ ಬಟ್ಟೆ ಎಳೆದು ನೋಡಿಯೇ ಹೊರಟಳು. ಬಲಗಡೆಯ ತಂತಿಯ ಮೇಲೆ ಆ ಬಟ್ಟೆ ಮುಡಿಪಿನವರೆಗೆ ಬಂದು ನಿಂತಿತು.

ಕೆರೆಯ ನಡುವೆ ದೋಣಿ ವಾಲಿದಾಗ ಬಲಗಡೆಯ ತಂತಿ ಬುಡದಲ್ಲಿ ಹರಿಯಿತು. ಆ ಸದ್ದು ದಡಕ್ಕೂ ಕೇಳಿಸಿತಂತೆ. ಕಂಬ ಹಾಯಿ ಸಮೇತ ಉರುಳಿ ಮಧುಶ್ರೀಯ ತಲೆಗೂ ಕೈಗೂ ಬಡಿದು, ಅವಳ ಮಣಿಕಟ್ಟು ಮುರಿಯಿತು. ದೋಣಿ ಮಗುಚಿಕೊಂಡಿತು. ಹುಡುಗಿ ಒದ್ದೆ ಹಾಯಿಯ ಅಡಿಯಲ್ಲಿ ಸಿಕ್ಕಿಕೊಂಡಳು. ರೂಪಿ ಕೆಳಗಿನಿಂದ ಮುಳುಗಿ ಹೋಗಿ, ಅವಳ ಲೈಫ್ ಜಾಕೆಟಿನ ಪಟ್ಟಿ ಹಿಡಿದು ಎಳೆದು ಹೊರತಂದಳು. ಆಚೆ ಕಾಯುತ್ತಿದ್ದ ಮೋಟಾರು ದೋಣಿ ಬಂದು ಇಬ್ಬರನ್ನೂ ಎತ್ತಿಕೊಂಡಿತು. ಹುಡುಗಿಯ ತಲೆಗೆ ಹೊಲಿಗೆ ಬಿತ್ತು, ಕೈಗೆ ಪಟ್ಟು ಬಿತ್ತು. ಬದುಕಿದಳು.

ಅವತ್ತು ಸಂಜೆ ರೂಪಿ ಹಿತ್ತಿಲಿನ ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದಳು. ಮೈಮೇಲೆ ಅದೇ ಒದ್ದೆ ಬಟ್ಟೆ. ಬಯ್ದು ಒಳಗೆ ಕರೆಯಲು ಹೋದೆ. ಅವಳು ಬ್ಯಾಗಿನಿಂದ ಹರಿದ ತಂತಿಯ ತುದಿ ತೆಗೆದು ನನ್ನ ಕೈಗೆ ಕೊಟ್ಟಳು. ಮೇಲೆಲ್ಲ ಫಳಫಳ. ಮುಡಿಪು ಕಳಚಿ ನೀರುಪಾಲಾಗಿತ್ತು, ಅದು ಸುತ್ತಿದ್ದ ಜಾಗ ಮಾತ್ರ ಕಂದುಬಣ್ಣಕ್ಕೆ ತಿರುಗಿ, ಹುಳು ತಿಂದ ಕಡಲೆಯಂತೆ ತೂತುತೂತಾಗಿತ್ತು.

"ನೋಡಿ ಅತ್ಗೆ. ಎಳೆಗಳ ತುದಿ ಕಪ್ಪಗವೆ. ಅವೆಲ್ಲ ಯಾವತ್ತೋ ಅರ್ದೋಗಿರವು. ಅಲ್ಲೊಂದು ಇಲ್ಲೊಂದು ಬೆಳ್ಳಗವೆ ನೋಡಿ, ಅವಷ್ಟೇ ಇವತ್ತು ಅರಿದ್ದು. ಇಷ್ಟ್ ದಿನ ಇವೇ ತಡ್ಕೊಂಡಿದ್ದು."

ಮೂಗಿನ ಹತ್ತಿರ ಹಿಡಿದೆ. ತುಕ್ಕಿನ ಜೊತೆ ಇನ್ನೂ ಅರಿಶಿನದ ವಾಸನೆ ಬರುತ್ತಿತ್ತು. ಆ ಮುದುಕಿಯನ್ನು ಈಗಲೇ ಎಳೆದುಕೊಂಡು ಬಂದು ತೋರಿಸುತ್ತೇನೆ ಎಂದು ಎದ್ದೆ. ರೂಪಿ ನನ್ನ ಸೆರಗು ಹಿಡಿದುಕೊಂಡಳು.

"ಬ್ಯಾಡಿ ಅತ್ಗೆ. ಅವ್ವಂಗೆ ಗೊತ್ತಾದ್ರೆ ಬದುಕಾಕಿಲ್ಲ. ತಂಗಿನೂ ನೀರಿಗೋಯ್ತು, ಮಗಳ್ನೂ ನಾನೇ ಕೊಲ್ಲಕ್ಕೋಗಿದ್ದೆ ಅಂತ ಕೊರಗಿ ಸಾಯ್ತದೆ. ನಾನು ಸರ್ಯಾಗಿ ನೋಡ್ನಿಲ್ಲ ಅಷ್ಟೇ. ತಪ್ಪು ನಂದೇ."

"ನಿಂದೇ ತಪ್ಪು," ಎಂದೆ. "ಊರೋರಿಗೆಲ್ಲ ಬುದ್ಧಿ ಏಳ್ತೀಯೆ, ಒಂದ್ ಗಂಟು ಬಿಚ್ಚಕ್ಕೆ ನಿಂಗೆ ಧೈರ್ಯ ಇರ್ನಿಲ್ಲ." ಆದರೂ ಬಾಯಿ ಮುಚ್ಚಿಕೊಂಡಿರುತ್ತೇನೆ ಎಂದು ಒಪ್ಪಿಕೊಂಡೆ.

ಎರಡು ದಿನ ಬಿಟ್ಟು ಮಲ್ಲಿಕಾರ್ಜುನಸ್ವಾಮಿಯವರು ಮನೆಗೇ ಬಂದರು. ಕಿರುಚಲಿಲ್ಲ, ಕುರ್ಚಿಯ ತುದಿಯಲ್ಲಿ ಕುಳಿತು ಕೇಳಿದರು. "ರೂಪಶ್ರೀ, ತಂತಿ ಯಾಕೆ ಹರೀತು?"

"ನಾನು ಸರಿಯಾಗಿ ನೋಡ್ಲಿಲ್ಲ ಸಾರ್."

"ಏನು ನೋಡ್ಲಿಲ್ಲ?"

ರೂಪಿ ಮತ್ತೆ ಅದನ್ನೇ ಹೇಳಿದಳು. ಅವರು ತಲೆ ಅಲ್ಲಾಡಿಸಿದರು. "ಅದು ಗೊತ್ತಾಗದೆ ನಾನು ಇನ್ನೊಬ್ಬರ ಮಕ್ಕಳನ್ನ ನಿಮ್ಮ ಕೈಗೆ ಹೇಗಮ್ಮ ಕೊಡ್ಲಿ? ಹೊಸ ತಂತಿ ಬರ್ತಿದೆ. ಶುಕ್ರವಾರ ಕಂಬ ನಿಲ್ಲಿಸ್ತೀವಿ. ಅಷ್ಟರೊಳಗೆ ಹೇಳಿ. ಇಲ್ಲ ಅಂದ್ರೆ ಬೇರೆಯವರನ್ನ ನೋಡ್ತೀನಿ," ಎಂದು ಎದ್ದುಹೋದರು. ಆತ ಕೇಳಿದ್ದರಲ್ಲಿ ತಪ್ಪೇನಿರಲಿಲ್ಲ. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ತಪ್ಪು ಮಾತಾಡಿದ್ದರೆ ಒಂದು ಕೈ ನೋಡಿಕೊಳ್ಳಬಹುದಿತ್ತು.

ಇದೆಲ್ಲಕ್ಕಿಂತ ನನ್ನ ತಲೆ ಕೆಡಿಸಿದ್ದು ಅತ್ತೆ. ಮಗಳು ಬದುಕಿ ಬಂದದ್ದು ಮುಡಿಪಿನಿಂದ ಎಂದು ಅವರು ಸಾರತೊಡಗಿದರು. ಬೀದಿಯ ನಲ್ಲಿಯ ಹತ್ತಿರ, ಹಾಲಿನ ಡೇರಿಯ ಹತ್ತಿರ, ಉಮ್ಮತ್ತೂರಿನ ನೆಂಟರಿಗೆ ಫೋನಿನಲ್ಲಿ, ಎಲ್ಲ ಕಡೆ ಅದೇ ಮಾತು. "ಕಬ್ಬಿಣದ ತಂತಿ ಅರ್ದೋಯ್ತು, ಕಂಬ ಬಿತ್ತು, ನನ್ ಮಾದಪ್ಪ ನನ್ ಕೂಸ ಬುಟ್ಕೊಡ್ನಿಲ್ಲ ನೋಡು." ರೂಪಿ ಪಕ್ಕದಲ್ಲೇ ಕುಳಿತು ಬೆಳ್ಳುಳ್ಳಿ ಬಿಡಿಸುತ್ತ ಕೇಳಿಸಿಕೊಳ್ಳುತ್ತಿದ್ದಳು. ಬೆಳಿಗ್ಗೆ ಹೊಲಕ್ಕೆ ಹೋಗಿ ಅರಿಶಿನದ ಕಳೆ ಕೀಳುತ್ತಿದ್ದಳು. ಬಾವಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಅತ್ತೆ ಆ ಹೊತ್ತಿಗೆ ಇನ್ನೊಂದು ಬಟ್ಟೆಯನ್ನು ಅರಿಶಿನದ ನೀರಿಗೆ ಅದ್ದಿ ಒಣಹಾಕಿದ್ದರು. ಇದು ಮೊದಲಿನದಕ್ಕಿಂತ ದೊಡ್ಡದು, ಹೊಸ ತಂತಿಗೆ ಕಟ್ಟಲು.

ಅದನ್ನು ಹಗ್ಗದ ಮೇಲೆ ನೋಡಿದಾಗಲೆಲ್ಲ ಕಿತ್ತು ಒಲೆಗೆ ಹಾಕೋಣ ಎನ್ನಿಸುತ್ತಿತ್ತು. ಹಾಕಲಿಲ್ಲ. ಪಾತ್ರೆ ಕುಕ್ಕಿದೆ, ಬಾಗಿಲು ಬಡಿದೆ, ಸಾರಿಗೆ ಉಪ್ಪು ಕಡಿಮೆ ಎಂದ ಗಂಡನ ಮೇಲೆ ಹರಿಹಾಯ್ದೆ. ಹೇಳಬೇಕಾದದ್ದೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಕಿರುಚಿದೆ.

ಶುಕ್ರವಾರ ನಾನು ರಜ ಹಾಕಿದೆ. ಬೇಡವೆಂದರೂ ಅತ್ತೆ ನಮ್ಮ ಜೊತೆ ಬಸ್ಸು ಹತ್ತಿದರು, ಸೊಂಟದಲ್ಲಿ ಮುಡಿಪು. ಕೆರೆಯ ದಡದಲ್ಲಿ ಕಂಬ ನಿಂತಾಗಿತ್ತು, ಹೊಸ ತಂತಿಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಮಲ್ಲಿಕಾರ್ಜುನಸ್ವಾಮಿಯವರು ರೂಪಿಯ ಮುಖ ನೋಡಿದರು. ರೂಪಿ ತಲೆಯಾಡಿಸಿದಳು. ಹೇಳಲು ಏನೂ ಇಲ್ಲ ಎಂದು. ಅವರು ನಿಟ್ಟುಸಿರು ಬಿಟ್ಟು ದೋಣಿಮನೆಯ ಬೀಗದ ಕೈಗಾಗಿ ಕೈ ಚಾಚಿದರು. ರೂಪಿ ಅದನ್ನು ಸೊಂಟದ ದಾರದಿಂದ ಬಿಚ್ಚತೊಡಗಿದಳು.

ಇತ್ತ ಅತ್ತೆ ಬಲಗಡೆಯ ತಂತಿಯ ಬುಡಕ್ಕೆ ಹೋಗಿ, ಮಂಡಿಯೂರಿ,  ಹೊಸ ಮುಡಿಪನ್ನು ಅದೇ ಜಾಗಕ್ಕೆ ಒತ್ತಿ ಹಿಡಿದಿದ್ದರು.

ಅಲ್ಲಿಗೆ ನನ್ನ ಕೈಯಲ್ಲಿ ನಾನಿರಲಿಲ್ಲ. ರೂಪಿಯ ಬ್ಯಾಗಿಗೆ ಕೈ ಹಾಕಿ ಆ ತುಂಡು ತಂತಿಯನ್ನು ಎಳೆದು ತೆಗೆದೆ, ಅತ್ತೆಯ ಅಂಗೈ ಬಿಡಿಸಿ ಅದರೊಳಗೆ ಇಟ್ಟೆ. "ಮೂಸ್ ನೋಡಿ ಅತ್ತೆ," ಎಂದೆ.

"ಏನಿದು?"

"ಮೂಸಿ ಅಂದೆ."

ನಮ್ಮತ್ತೆಗೆ ಓದು ಬರಹ ಇಲ್ಲ, ದೋಣಿ ಗೊತ್ತಿಲ್ಲ. ಆದರೆ ಮಾವ ಹೋದ ಮೇಲೆ ಎತ್ತುಗಳನ್ನು ನೋಡಿಕೊಂಡದ್ದು ಅವರೇ. ಎತ್ತಿನ ಮೂಗುದಾರ ಮೂಗಿನೊಳಗೆ ಸದಾ ಒದ್ದೆಯಾಗಿರುವ ಕಡೆಯೇ ಕೊಳೆಯುತ್ತದೆಂದು, ಅವರು ವಾರವಾರ ಅಲ್ಲಿಗೇ ಬೆರಳು ಹಾಕಿ ಮಡಿಚಿ ನೋಡುತ್ತಾರೆ, ಹರಿಯುವ ಮೊದಲೇ ಬದಲಾಯಿಸುತ್ತಾರೆ. ಈಗಲೂ ತಂತಿಯನ್ನು ಮೂಸಿದರು. ಕಂದು ಬಣ್ಣದ ಜಾಗವನ್ನು ಬೆರಳಿನಿಂದ ಮಡಿಚಿದರು. ಒಂದು ಎಳೆ ಪಟಕ್ಕೆಂದು ಮುರಿದು ಹೆಬ್ಬೆರಳಿಗೆ ಚುಚ್ಚಿತು. ರಕ್ತ ಬಂದ ಬೆರಳಲ್ಲೇ, ತಂತಿಗೆ ಅಂಟಿದ್ದ ಹಳದಿ ನೂಲನ್ನು ಎಳೆದು ನೋಡಿದರು. ಯಾರೂ ಏನನ್ನೂ ಹೇಳಿಕೊಡಬೇಕಾಗಲಿಲ್ಲ.

ಅಳುತ್ತಾರೆ, ಬೀಳುತ್ತಾರೆ ಎಂದು ನಾನು ಅವರ ತೋಳು ಹಿಡಿಯಲು ಹೋದೆ. ಅವರು ನನ್ನ ಕೈ ಕೊಡವಿ ಮಗಳ ಕಡೆ ತಿರುಗಿದರು.

"ಇದು ಕೊಳಿತಾ ಅದೆ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿರ್ನಿಲ್ಲ ಅವ್ವ," ಎಂದಳು ರೂಪಿ. "ಬಿಚ್ಚಿ ನೋಡ್ಬೇಕು ಅಂತ ಗೊತ್ತಿತ್ತು."

"ಮತ್ಯಾಕ್ ನೋಡ್ನಿಲ್ಲ?"

"ನೀನು ಬೋಯ್ತೀಯೆ ಅಂತ."

"ಬೋಯ್ಸ್ಕೊಬೇಕಾಗಿತ್ತು," ಎಂದರು ಅತ್ತೆ. ದನಿ ಏರಿಸಲಿಲ್ಲ. "ಒಂದಿನ ಬೋಯ್ತಿದ್ದೆ. ಇನ್ನೊಂದಿನ ಉಣ್ದೆ ಮನಿಕತಿದ್ದೆ. ಅಷ್ಟೇ ತಾನೆ? ಬೋಯ್ಸ್ಕೊಂಡಿದ್ರೆ ಆಗೋಗದು. ಆ ಕೂಸ್ನ ತಲೆ ಒಡ್ಸ್ಬುಟ್ಯಲ್ಲಮ್ಮಿ. ಅದ್ನೂ ಒಬ್ಳು ಎತ್ತಿಲ್ವಾ? ಅವ್ಳೂ ಮನೆಲಿ ದೇವ್ರಿಗೆ ಕೈ ಮುಗ್ದು ಕಳ್ಸಿರ್ನಿಲ್ವಾ?"

ರೂಪಿ ಮುಖ ಮುಚ್ಚಿಕೊಂಡು ಅಳತೊಡಗಿದಳು. ಇಷ್ಟು ದಿನ ಅತ್ತಿರಲಿಲ್ಲ. ಅತ್ತೆ ನನ್ನ ಕಡೆ ತಿರುಗಿದರು.

"ನಿಂಗೂ ಗೊತ್ತಿತ್ತು. ಉಪ್ಪಿಗೆ, ಉಳಿಗೆ, ನೆಲ ಒರೆಸೋ ಬಟ್ಟೆಗೆ, ಎಲ್ಲಕ್ಕೂ ನನ್ ಮೇಲೆ ಕಿರುಚಾಡಿಯೆ. ಕಿರುಚ್ಬೇಕಾದಾಗ ಎಲ್ಲೋಗಿತ್ತೆ ನಿನ್ ಬಾಯಿ?"

ಉತ್ತರಕ್ಕೆ ಕಾಯದೆ ಹೊಸ ಮುಡಿಪನ್ನು ತಿರುಗಿ ಸೊಂಟಕ್ಕೆ ಸಿಕ್ಕಿಸಿಕೊಂಡರು.

ಅತ್ತೆ ಮಲ್ಲಿಕಾರ್ಜುನಸ್ವಾಮಿಯವರ ಮುಂದೆ ಹೋಗಿ ತಂತಿಯನ್ನು ತೋರಿಸಿ, ಬಟ್ಟೆ ಕಟ್ಟಿದ್ದು ತಾವು, ಬಿಚ್ಚದೆ ಬಿಟ್ಟದ್ದು ಮಗಳು ಎಂದು ಹೇಳಿದರು. ಅವರು ತಂತಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದನ್ನ ನನಗಲ್ಲ, ಮೊದಲು ಆ ಹುಡುಗಿಯ ತಾಯಿಗೆ ಹೇಳಿ. ಅವರು ಏನಂತಾರೋ ನಾನೂ ಅದನ್ನೇ ಅಂತೀನಿ," ಎಂದರು.

ಹಾಗೇ ಗುಂಡ್ಲುಪೇಟೆಯ ಬಸ್ಸು ಹತ್ತಿದೆವು. ಮಧುಶ್ರೀಯ ತಾಯಿ ಶಿವಲಕ್ಷ್ಮಿ ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿದರು. ಒಳಗೆ ಕರೆಯಲಿಲ್ಲ, ನೀರು ಕೊಡಲಿಲ್ಲ. ಕೊಡಬೇಕೆಂದು ನಾವೂ ನಿರೀಕ್ಷಿಸಿರಲಿಲ್ಲ. ಅತ್ತೆ ನಿಂತೇ ಎಲ್ಲವನ್ನೂ ಹೇಳಿದರು.

"ನೀವು ಬಂದು ಏಳಿದ್ರಿ ಅಂತ ನನ್ ಮಗಳ ಕೈ ನೆಟ್ಟಗಾದದಾ?" ಎಂದು ಆಕೆ ಕೇಳಿದರು.

"ಇಲ್ಲ ಕಣವ್ವ," ಎಂದರು ಅತ್ತೆ. "ಆದ್ರೂ ಗಾಳಿಗೆ ಬಿತ್ತು ಅಂತ ನೀನು ನಂಬ್ಕೊಂಡಿರ್ಬಾರ್ದು. ಅದುಕ್ಕೆ ಬಂದೆ."

ಒಳಗೆ ಮಂಚದ ಮೇಲಿದ್ದ ಮಧುಶ್ರೀ ಪಟ್ಟು ಕಟ್ಟಿದ ಕೈ ಹಿಡಿದುಕೊಂಡು ಹೊಸ್ತಿಲಿಗೆ ಬಂದಳು. ಹಣೆಯ ಮೇಲೆ ಹೊಲಿಗೆ ಹಾಗೇ ಇತ್ತು. "ಅಕ್ಕ," ಎಂದಳು ರೂಪಿಗೆ, "ಆಯುಧಪೂಜೆಲಿ ಬೇರೆ ದೋಣಿಗೂ ದಾರ ಕಟ್ಟಿದ್ರಲ್ಲ. ಅವನ್ನ ಬಿಚ್ಚಿ ನೋಡಿದ್ರಾ?"

ಪೂಜೆಯ ದಾರವೆಂದು ಅವನ್ನೂ ಯಾರೂ ಬಿಚ್ಚಿರಲಿಲ್ಲ. ಇಷ್ಟು ದಿನ ಆ ದೋಣಿಗಳಲ್ಲಿ ಮಕ್ಕಳು ಓಡಾಡುತ್ತಲೇ ಇದ್ದರು. ಶಿವಲಕ್ಷ್ಮಿಯವರು ಮಗಳನ್ನೂ ನಮ್ಮನ್ನೂ ನೋಡಿ, "ನನ್ ಮಗಳ್ನ ಕಳ್ಸದು ಬುಡದು ಆಮೇಲ್ ನೋಡನ. ಮೊದ್ಲು ಓಗಿ ಅದ್ನ ಬಿಚ್ಚಿ. ಎಲ್ಲಾನೂ ನೋಡಾದ್ ಮೇಲೆ ನಿಮ್ ಹುಡುಗಿ ದೋಣಿ ಅತ್ಲಿ, ಅದುಕ್ಕೆ ನನ್ ಅಡ್ಡಿ ಇಲ್ಲ," ಎಂದು ಬಾಗಿಲು ಹಾಕಿದರು.

ಆ ಸಂಜೆಯೇ ಮತ್ತೆ ಕೆರೆಗೆ ಬಂದೆವು. ಶಿವಲಕ್ಷ್ಮಿಯವರು ಹೇಳಿದ್ದನ್ನು ಕೇಳಿ ಮಲ್ಲಿಕಾರ್ಜುನಸ್ವಾಮಿಯವರು ಬೀಗದ ಕೈಯನ್ನು ರೂಪಿಗೇ ತಿರುಗಿ ಕೊಟ್ಟು, ನೀರಿನ ಮೇಲಿದ್ದ ದೋಣಿಗಳನ್ನೆಲ್ಲ ದಡಕ್ಕೆ ಎಳೆಸಿದರು. ಅತ್ತೆ ಒಂದು ಕುಡುಗೋಲು ಕೇಳಿ ಇಸಿದುಕೊಂಡು, ಒಂದೊಂದು ತಂತಿಯಿಂದಲೂ ಪೂಜೆಯ ದಾರಗಳನ್ನು ಕತ್ತರಿಸುತ್ತ ಹೋದರು. ಪ್ರತಿ ದಾರಕ್ಕೂ ಒಮ್ಮೆ ಮಾದಪ್ಪ ಎನ್ನುತ್ತಿದ್ದರು. ಆಮೇಲೆ ಸೊಂಟದಿಂದ ತಮ್ಮ ಹೊಸ ಮುಡಿಪು ತೆಗೆದರು. ಬೆಟ್ಟಕ್ಕೆ ಹೋಗದೆ, ಹರಕೆ ತೀರದೆ, ಅಲ್ಲಿಯೇ ಅದರ ಗಂಟು ಬಿಚ್ಚಿ, ಕಾಸು ವಿಭೂತಿಯನ್ನು ಸೆರಗಿಗೆ ಕಟ್ಟಿಕೊಂಡು, ಆ ಹಳದಿ ಬಟ್ಟೆಯನ್ನು ತಂತಿಗೆ ಸುತ್ತಿ ಮೇಲಿನಿಂದ ಕೆಳಗೆ ಎಳೆದರು. ರೂಪಿ ಪಕ್ಕದಲ್ಲಿ ನಿಂತು ಎಷ್ಟು ಬಿಗಿಯಾಗಿ ಹಿಡಿಯಬೇಕೆಂದು ತೋರಿಸುತ್ತಿದ್ದಳು.

ಮೊದಲ ದೋಣಿಯಲ್ಲಿ ಬಟ್ಟೆ ಸಲೀಸಾಗಿ ಜಾರಿತು. ಎರಡನೆಯದರಲ್ಲೂ ಜಾರಿತು. ಮೂಲೆಯಲ್ಲಿದ್ದದ್ದು ಹೈಸ್ಕೂಲು ಮಕ್ಕಳು ಕಲಿಯುವ ಚಿಕ್ಕ ದೋಣಿ. ಅದರ ಎಡಗಡೆಯ ತಂತಿಯ ಬುಡದಲ್ಲಿ, ಈಗತಾನೆ ದಾರ ಕತ್ತರಿಸಿದ ಜಾಗದಲ್ಲಿ, ಬಟ್ಟೆ ಸಿಕ್ಕಿಕೊಂಡಿತು.

ಅತ್ತೆ ಮತ್ತೊಮ್ಮೆ ಎಳೆದರು. ಬಟ್ಟೆ ಬರಲಿಲ್ಲ. ರೂಪಿ ಆ ತಂತಿ ಕಳಚಲು ಇಕ್ಕಳ ತರಲು ಓಡಿದಳು. ಅತ್ತೆ ಅಲ್ಲೇ ಕುಕ್ಕರಗಾಲಿನಲ್ಲಿ ಕುಳಿತು ಬಯ್ಯತೊಡಗಿದರು. ದಾರ ಕಟ್ಟಿಸಿದವರಿಗೆ, ಕಟ್ಟಿದವರಿಗೆ, ಕಂಡೂ ಸುಮ್ಮನಿದ್ದವರಿಗೆ, ತಮಗೆ, ನನಗೆ. ಅವರ ದನಿ ಕೆರೆಯ ಆಚೆ ದಡಕ್ಕೂ ಕೇಳಿಸುತ್ತಿತ್ತು. ಅವತ್ತು ಸುಮ್ಮನಿರಿ ಎಂದು ಅವರಿಗೆ ಯಾರೂ ಹೇಳಲಿಲ್ಲ.